ಎರಡೂವರೆ ತಿಂಗಳ ಸೂಜಿ

"ಎರಡು ದಿನ ತರಬೇತಿಗೆ ಹೋಗಿ ಬಂದು ನನಗೇ ಪಾಠ ಹೇಳ್ತೀಯೇನೇ? ಕಲ್ಲು ಹೊರೋರ ಶೆಡ್ಡಲ್ಲಿ ಬಿದ್ದಿದ್ದೋಳ ಕೈಗೆ ಸಿರಿಂಜ್ ಕೊಟ್ಟಿದ್ದೇ ನಮ್ಮ ತಪ್ಪು."

ಡಾಕ್ಟರು ದನಿ ಏರಿಸಲಿಲ್ಲ. ಬಾಗಿಲಾಚೆ ಚೀಟಿ ಹಿಡಿದು ಕೂತಿದ್ದ ಹದಿನೈದು ಜನಕ್ಕೆ ಕೇಳಿಸಲು ಎಷ್ಟು ಬೇಕೋ ಅಷ್ಟೇ ಗಟ್ಟಿಯಾಗಿ ಹೇಳಿದರು. ಅವಮಾನ ಮಾಡುವುದರಲ್ಲಿ ಅವರದು ಪಳಗಿದ ಕೈ. ಗುಬ್ಬಿ ತಲೆ ಎತ್ತಲಿಲ್ಲ. ಅವಳ ಕಣ್ಣು ಮೇಜಿನ ಮೇಲಿದ್ದ ಎರಡು ಸೀಸೆಗಳ ಮೇಲೇ ಇತ್ತು.

ಗುಬ್ಬಿ ಅನ್ನುವುದು ಶೆಡ್ಡಿನ ಹೆಂಗಸರು ಇಟ್ಟ ಹೆಸರು. ಚಿಕ್ಕಂದಿನಲ್ಲಿ ಅಷ್ಟು ಸಣ್ಣಗಿದ್ದಳು, ಈಗಲೂ ಹಾಗೇ ಇದ್ದಾಳೆ. ಆಸ್ಪತ್ರೆಯಲ್ಲಿ ಅವಳು ಗುತ್ತಿಗೆ ನರ್ಸ್. ಹನ್ನೊಂದು ತಿಂಗಳಿಗೊಮ್ಮೆ ಅವಳ ಕಾಗದಕ್ಕೆ ಮತ್ತೆ ಸಹಿ ಬೀಳಬೇಕು, ಆ ಸಹಿ ಇದೇ ಡಾಕ್ಟರದು.

ಎರಡು ಸೀಸೆಯನ್ನೂ ಅವಳು ಈಗಷ್ಟೇ ಚೆನ್ನಾಗಿ ಅಲುಗಿಸಿ ಪಕ್ಕಪಕ್ಕ ಇಟ್ಟಿದ್ದಳು. ಒಂದು ನಿನ್ನೆ ಸಂಜೆ ಬಂದ ಹೊಸ ಪೆಟ್ಟಿಗೆಯದು. ಅದರೊಳಗಿನ ಔಷಧಿ ತೆಳು ಹಾಲಿನ ಬಣ್ಣಕ್ಕೆ ತಿರುಗಿ ಹಾಗೇ ನಿಂತಿತ್ತು. ಇನ್ನೊಂದು ಆಸ್ಪತ್ರೆಯ ಫ್ರಿಜ್ಜಿನದು. ಅದು ಹತ್ತು ನಿಮಿಷದಲ್ಲೇ ಇಬ್ಭಾಗವಾಗಿತ್ತು, ಮೇಲೆ ತಿಳಿನೀರು, ಅಡಿಯಲ್ಲಿ ಬಿಳಿ ಚೂರು. ಹೆಪ್ಪುಗಟ್ಟಿ ಕರಗಿದ ಲಸಿಕೆ ಹೀಗಾಗುತ್ತದೆಂದು ಅವಳಿಗೆ ಕಲಿಸಿದ್ದು ಮೊನ್ನೆಯ ತರಬೇತಿಯಲ್ಲೇ. ಔಷಧಿ ಬಿಸಿಲಿಗೆ ಕೆಡುತ್ತದೆಂದು ಊರಿಗೆಲ್ಲ ಗೊತ್ತು. ಕೆಲವು ಚಳಿಗೂ ಸಾಯುತ್ತವೆ ಅನ್ನುವುದು ಗೊತ್ತಿರುವವರು ಕಡಿಮೆ.

ಬೆಳಿಗ್ಗೆ ಫ್ರಿಜ್ಜಿನ ಬಾಗಿಲು ತೆಗೆದಾಗ ಚಳಿ ಹೆಚ್ಚಿಸುವ ಗುಂಡಿ ಕೊನೆಯವರೆಗೂ ತಿರುಗಿತ್ತು. ಆರು ನೀರಿನ ಬಾಟಲಿಗಳು ಮುಂದೆ ಸಾಲಾಗಿ ಕೂತಿದ್ದವು. ಜಾಗ ಸಾಲದೆ ಹಿಂದಕ್ಕೆ ನೂಕಿದ ಲಸಿಕೆಯ ಸೀಸೆಗಳು ಗೋಡೆಯ ಮಂಜಿಗೆ ಅಂಟಿಕೊಂಡಿದ್ದವು. ಕೇಳಿದರೆ ಜವಾನ, "ಸಾಹೇಬ್ರಿಗೆ ನೀರು ಹಲ್ಲು ಜುಮ್ಮನ್ನೋ ಹಂಗಿರ್ಬೇಕಂತೆ, ತಿರುಗಿಸಿದೆ. ತಣ್ಣಗಿದ್ದಷ್ಟೂ ಔಷಧಿಗೂ ಒಳ್ಳೇದೇ ಅಲ್ವಾ ಸಿಸ್ಟರ್?" ಅಂದಿದ್ದ. ಅವನ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಅವನಿಗೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ.

"ಸಾರ್, ಇದನ್ನ ಹಾಕಿದ್ರೆ ನೀರು ಚುಚ್ಚಿದ ಹಂಗೆ. ನಾಯಿಕೆಮ್ಮು ತಡೆಯಲ್ಲ, ಗಂಟಲಮಾರಿ ತಡೆಯಲ್ಲ, ಧನುರ್ವಾಯು ತಡೆಯಲ್ಲ."

"ನೀರು ಚುಚ್ಚಿ ಯಾರೂ ಸತ್ತಿಲ್ಲ."

"ಕೆಟ್ಟಿದೆ ಅಂತ ಬರೆದು ವಾಪಸ್ ಕಳಿಸೋಣ ಸಾರ್. ಬೇರೆ ಕೊಡ್ತಾರೆ."

"ಯಾಕೆ ಕೆಡ್ತು ಅಂತ ಕೇಳ್ತಾರೆ. ಏನಂತ ಬರೀತೀಯ? ಡಾಕ್ಟರಿಗೆ ಬಾಯಾರಿತ್ತು ಅಂತಲಾ?"

ತಮ್ಮ ಮಾತಿಗೆ ತಾವೇ ನಕ್ಕರು. ಹೊಸ ಪೆಟ್ಟಿಗೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಅದು ಆಫೀಸರುಗಳ ಕಾಲೊನಿಗೆ.

"ಫ್ರಿಜ್ಜಲ್ಲಿರೋ ಮೂರು ಸೀಸೆ ಕ್ರಷರ್ ಶೆಡ್ಡಿಗೆ ತಗೊಂಡು ಹೋಗು. ಇಪ್ಪತ್ತಾರು ಮಕ್ಕಳು. ಸಂಜೆಗೆ ನೂರಕ್ಕೆ ನೂರು ಆಗಿರ್ಬೇಕು. ಮುಂದಿನ ವಾರ ನಿನ್ನ ಕಾಗದ ನನ್ನ ಮೇಜಿಗೆ ಬರುತ್ತೆ, ನೆನಪಿದೆ ತಾನೆ?"

ನೆನಪಿತ್ತು. ಅಣ್ಣನ ಎದೆಯಲ್ಲಿ ಕಲ್ಲುಧೂಳು ಕೂತು ಅವನು ಹಾಸಿಗೆ ಹಿಡಿದ ಮೇಲೆ ಆ ಮನೆಯಲ್ಲಿ ಒಲೆ ಹೊತ್ತುತ್ತಿದ್ದುದೇ ಗುಬ್ಬಿಯ ಕೆಲಸದಿಂದ. ಅವಳು ಫ್ರಿಜ್ಜಿನ ಮೂರು ಸೀಸೆಯನ್ನು ತನ್ನ ಲಸಿಕೆ ಪೆಟ್ಟಿಗೆಯಲ್ಲಿಟ್ಟು ಹೆಗಲಿಗೆ ಹಾಕಿಕೊಂಡಳು.

ಜಲ್ಲಿ ಕ್ರಷರು ಊರಿನ ಹೊರಗೆ. ಅಲ್ಲಿ ಎಲೆಯೂ ಬೂದಿಬಣ್ಣ, ನಾಯಿಯೂ ಬೂದಿಬಣ್ಣ, ಹೆಂಗಸರ ರೆಪ್ಪೆಯೂ ಬೂದಿಬಣ್ಣ. ಯಂತ್ರದ ಬಾಯಿಗೆ ಹೋಗದ ಕಲ್ಲನ್ನು ಹೆಂಗಸರು ಕೂತು ಸುತ್ತಿಗೆಯಲ್ಲಿ ಒಡೆಯುತ್ತಾರೆ. ಗುಬ್ಬಿಯ ಅಮ್ಮ ಮೂವತ್ತು ವರ್ಷದಿಂದ ಅದೇ ಜಾಗದಲ್ಲಿ ಕೂತು ಒಡೆಯುತ್ತಿದ್ದಳು.

ಎರಡು ವರ್ಷದ ಹಿಂದೆ ಗುಬ್ಬಿ ಪೆಟ್ಟಿಗೆ ಹೊತ್ತು ಬಂದರೆ ಇದೇ ಹೆಂಗಸರು ಮಕ್ಕಳನ್ನು ಸಿಮೆಂಟ್ ಪೈಪಿನೊಳಗೆ ಬಚ್ಚಿಡುತ್ತಿದ್ದರು. ಸೂಜಿಯಿಂದ ಜ್ವರ ಬರುತ್ತದೆ, ಕಾಲು ಸೇದುತ್ತದೆ, ಸರ್ಕಾರ ಬಡವರ ವಂಶ ಕಡಿಯಲು ನೋಡುತ್ತಿದೆ ಎಂದು ನೂರೆಂಟು ಮಾತು. ಗುಬ್ಬಿ ಜಗಳವಾಡಲಿಲ್ಲ. ಅವರೆದುರು ತನ್ನ ತೋಳಿಗೇ ಚುಚ್ಚಿಸಿಕೊಂಡು ತೋರಿಸಿದಳು. ಜ್ವರ ಬಂದ ಮಗುವಿನ ಪಕ್ಕ ಕೂತು ಒದ್ದೆ ಬಟ್ಟೆ ಹಾಕಿದಳು. ಒಂದೂವರೆ ತಿಂಗಳು, ಎರಡೂವರೆ ತಿಂಗಳು, ಮೂರೂವರೆ ತಿಂಗಳು ಎಂದು ಮಗ್ಗಿಯಂತೆ ಬಾಯಿಪಾಠ ಮಾಡಿಸಿದಳು. ಈಗ ಅವರೇ ದಿನ ಎಣಿಸಿ ಕಾಯುತ್ತಾರೆ. ಅವಳು ಬದುಕಿನಲ್ಲಿ ಗಳಿಸಿದ್ದು ಅಂತ ಏನಾದರೂ ಇದ್ದರೆ ಅದೊಂದೇ.

ಅವರು ಕಾಯುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಲಸಿಕೆಯ ಕಾರ್ಡಿನಲ್ಲಿ ಗುರುತು ಬೀಳದ ಮಗುವನ್ನು ಮೇಸ್ತ್ರಿ ತಗಡಿನ ನೆರಳಿಗೆ ಬಿಡುತ್ತಿರಲಿಲ್ಲ, ಮೇಲಿನವರು ಬಂದು ನೋಡುತ್ತಾರೆಂಬ ಭಯ. ಮಗು ಮಲಗಿಸಲು ಜಾಗವಿಲ್ಲದವಳಿಗೆ ಕೆಲಸವೂ ಇಲ್ಲ.

ಅಂದು ಸಾಲಿನಲ್ಲಿ ಮೊದಲು ನಿಂತವಳು ಅವಳ ಅತ್ತಿಗೆ. ತೋಳಲ್ಲಿ ಎರಡೂವರೆ ತಿಂಗಳ ಹೆಣ್ಣುಕೂಸು.

"ಬಾರಮ್ಮ, ನಿನ್ನ ಸೊಸೆ ಬೆಳಗಿಂದ ಕಾಯ್ತಾವಳೆ," ಅಂದಳು ಅತ್ತಿಗೆ. "ಬೇರೆಯವರಿಗೆ ಅತ್ತೆ ಚುಚ್ಚೋದು ಮದುವೆ ಆದ್ಮೇಲೆ. ಇವಳಿಗೆ ಈಗ್ಲೇ ಶುರು."

ಹೆಂಗಸರು ಗೊಳ್ಳೆಂದು ನಕ್ಕರು. ಗುಬ್ಬಿ ಸಿರಿಂಜಿಗೆ ಅರ್ಧ ಎಂಎಲ್ ಎಳೆದಳು. ಕೂಸಿನ ತೊಡೆಯನ್ನು ಹತ್ತಿಯಿಂದ ಒರೆಸಿದಳು. ಕೂಸು ಅವಳ ಬೆರಳು ಹಿಡಿದುಕೊಂಡು ಬೊಚ್ಚುಬಾಯಿ ತೆರೆದು ನಕ್ಕಿತು. ಗುಬ್ಬಿಯ ಕೈ ಅಲ್ಲೇ ನಿಂತಿತು. ಎಷ್ಟು ಹೊತ್ತು ನಿಂತಿತೋ, ಹಿಂದಿದ್ದವಳು, "ಏನೇ, ಮುಹೂರ್ತ ನೋಡ್ತಿದೀಯಾ?" ಅಂದಳು.

"ಇದು ಕೆಟ್ಟಿದೆ," ಅಂದಳು ಗುಬ್ಬಿ. "ಹೆಪ್ಪುಗಟ್ಟಿ ಕೆಟ್ಟೋಗಿದೆ. ಹಾಕಿಸ್ಕೊಂಡ್ರೂ ಒಂದೇ, ಬಿಟ್ರೂ ಒಂದೇ. ಒಳ್ಳೇದು ಬರೋವರೆಗೂ ಯಾರೂ ಹಾಕಿಸ್ಕೋಬೇಡಿ."

ನಗು ನಿಂತಿತು.

"ಹಂಗಾದ್ರೆ ಹೋದ ತಿಂಗಳು ನನ್ನ ಮಗೂಗೆ ಹಾಕಿದ್ಯಲ್ಲ, ಅದು?" ಅಂದಳೊಬ್ಬಳು.

"ಅದು ಚೆನ್ನಾಗಿತ್ತಕ್ಕ. ಇದು ಈ ಎರಡು ದಿನದಲ್ಲಿ ಕೆಟ್ಟಿದ್ದು."

"ನಿನಗೆ ಹೆಂಗೆ ಗೊತ್ತು? ಇವತ್ತು ಹೇಳಿದೆ, ಅವತ್ತು ಹೇಳ್ಲಿಲ್ಲ. ಎಷ್ಟು ಕೆಟ್ಟಿದ್ದು ಚುಚ್ಚಿದ್ಯೋ ಯಾವನಿಗೆ ಗೊತ್ತು." ಅವಳು ಮಗುವನ್ನು ಸೆರಗಿನೊಳಗೆ ಎಳೆದುಕೊಂಡಳು. "ನಮ್ಮತ್ತೆ ಆಗ್ಲೇ ಬಡ್ಕೊಂಡ್ಳು, ಸೂಜಿ ಸಹವಾಸ ಬೇಡ ಅಂತ."

ಎರಡು ವರ್ಷದಲ್ಲಿ ಕಟ್ಟಿದ್ದು ಎರಡು ನಿಮಿಷ ನಿಲ್ಲಲಿಲ್ಲ. ನಿಜ ಹೇಳಿದ್ದಕ್ಕೆ ಬಂದ ಮೊದಲ ಬಹುಮಾನ ಅದು. ಅಮ್ಮ ಸುತ್ತಿಗೆ ಕೆಳಗಿಟ್ಟು ಎದ್ದು ಬಂದಳು, ಮಗಳ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದಳು.

"ಬಾಯಿ ಮುಚ್ಕೊಂಡು ಚುಚ್ಚೇ ಮುಂಡೇದೇ. ನಾವೇನು ಕೆಟ್ಟಿದ್ದು ತಿಂದು ಬೆಳೆದಿಲ್ವಾ? ಕೆಲಸ ಹೋದ್ರೆ ನಿಮ್ಮಣ್ಣನ ಔಷಧಿ ನಿಮ್ಮಪ್ಪ ಬಂದು ತರ್ತಾನಾ?"

"ಅಮ್ಮಾ, ನಿನ್ನ ಮೊಮ್ಮಗಳಿಗೆ ಹಾಕು ಅಂತೀಯಾ?"

ಅಮ್ಮ ಕೂಸಿನ ಕಡೆ ಒಮ್ಮೆ ನೋಡಿದಳು. ರಟ್ಟೆಯ ಹಿಡಿತವನ್ನು ಬಿಡಲಿಲ್ಲ.

ಅಷ್ಟರಲ್ಲಿ ಮೇಸ್ತ್ರಿ ಫೋನ್ ಮಾಡಿಯಾಗಿತ್ತು. ಅರ್ಧ ಗಂಟೆಯಲ್ಲಿ ಜೀಪು ಬಂತು. ಡಾಕ್ಟರು ಮೂಗಿಗೆ ಕರ್ಚೀಫು ಒತ್ತಿಕೊಂಡು ಇಳಿದರು. ಮೇಸ್ತ್ರಿ ಅವರಿಗೆ ಕುರ್ಚಿ ಹಾಕಿ, ಹೆಂಗಸರ ಕಡೆ ತಿರುಗಿದ.

"ಕೆಟ್ಟಿದೆಯಂತೆ, ಕೆಟ್ಟಿದೆ. ನಿಮ್ಮ ಬದುಕಲ್ಲಿ ಯಾವುದು ಚೆನ್ನಾಗಿತ್ರೇ ಲೌಡಿಯರಾ? ಕಾರ್ಡಲ್ಲಿ ಗುರುತು ಇಲ್ದೋರು ನಾಳೆಯಿಂದ ಬರ್ಬೇಡಿ. ಶೆಡ್ಡೂ ಖಾಲಿ ಮಾಡಿ."

ಸಾಲು ಮತ್ತೆ ನಿಂತಿತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಸೆರಗಿನೊಳಗೆ ಮಗುವನ್ನು ಎಳೆದುಕೊಂಡಿದ್ದವಳೇ ಮೊದಲು ಬಂದಳು. ಅವಳ ಹಿಂದೆ ಅತ್ತಿಗೆ ನಿಂತಿದ್ದಳು.

ಡಾಕ್ಟರು ಪೆಟ್ಟಿಗೆಗೆ ಕೈ ಹಾಕುವಷ್ಟರಲ್ಲಿ ಗುಬ್ಬಿ, ಮತ್ತೆ ತಡೆಯಲು ಬಂದ ಅಮ್ಮನ ಕೈ ಕೊಡವಿಕೊಂಡಳು. ಮೂರು ಸೀಸೆಯನ್ನೂ ತೆಗೆದು ಚಪ್ಪಡಿ ಕಲ್ಲಿನ ಮೇಲೆ ಇಟ್ಟಳು. ಅಮ್ಮನ ಸುತ್ತಿಗೆ ಎತ್ತಿ ಹೊಡೆದಳು. ಒಂದಕ್ಕೆ ಒಂದೇ ಏಟು. ಕಲ್ಲು ಒಡೆಯುವವಳ ಮಗಳು, ಏಟು ತಪ್ಪಲಿಲ್ಲ. ಗಾಜಿನ ನಡುವೆ ಹರಿದ ಬಿಳಿನೀರನ್ನು ಧೂಳು ಕುಡಿದುಬಿಟ್ಟಿತು.

ಇನ್ನು ಯಾರಿಗೂ ಇದನ್ನು ಚುಚ್ಚಲಾರರು ಎಂದು ಅವಳ ಎದೆ ಒಂದು ಗಳಿಗೆ ಹಗುರಾಯಿತು. ಜೈಲಾದರೂ ಸರಿ, ವಿಚಾರಣೆಯಾಗಲಿ, ಯಾಕೆ ಒಡೆದೆ ಎಂದು ಕೇಳಲಿ, ಎಲ್ಲ ಹೇಳುತ್ತೇನೆ ಅಂದುಕೊಂಡಳು.

ಡಾಕ್ಟರು ಗಾಜಿನ ಚೂರುಗಳನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಅವರ ಮುಖ ಸಡಿಲವಾಯಿತು.

"ಪರವಾಗಿಲ್ಲ, ಬುದ್ಧಿವಂತೆ ನೀನು. ನನಗೇ ಹೊಳೆದಿರ್ಲಿಲ್ಲ." ಮೇಸ್ತ್ರಿಯ ಕಡೆ ನೋಡಿದರು. "ಮೂರು ಸೀಸೆ ಖಾಲಿ ಆಗ್ಬೇಕಿತ್ತು, ಆಯ್ತು. ಕಾರ್ಡು ತಗೊಂಬರಕ್ಕೆ ಹೇಳಯ್ಯ."

ಅವರು ಕುರ್ಚಿಯಲ್ಲಿ ಕೂತು ಪೆನ್ನು ತೆಗೆದರು. ಒಂದೊಂದೇ ಕಾರ್ಡು ತೊಡೆಯ ಮೇಲಿಟ್ಟುಕೊಂಡು ಗುರುತು ಹಾಕಿದರು, ತಾರೀಖು ಬರೆದರು, ಸಹಿ ಮಾಡಿದರು. ಇಪ್ಪತ್ತಾರು ಮಕ್ಕಳು, ಕಾಲು ಗಂಟೆ. ಒಂದು ಮಗುವೂ ಅಳಲಿಲ್ಲ.

"ಹಾಕಿಲ್ಲ ಸಾರ್," ಅಂದಳು ಗುಬ್ಬಿ. "ಹಾಕ್ದೇನೇ ಹಾಕಿದೀವಿ ಅಂತ ಬರೀಬೇಡಿ. ಬರೆದ್ರೆ ಮತ್ತೆ ಯಾರೂ ಇವಕ್ಕೆ ಹಾಕಲ್ಲ."

"ಕೆಟ್ಟಿದ್ದು ಅಂದ್ಯಲ್ಲ, ತೋರ್ಸು. ಎಲ್ಲಿದೆ?"

ಅವಳು ಕಲ್ಲಿನ ಕಡೆ ನೋಡಿದಳು. ತೋರಿಸಲು ಏನೂ ಉಳಿದಿರಲಿಲ್ಲ. ಅವರ ತಪ್ಪಿಗಿದ್ದ ಒಂದೇ ಸಾಕ್ಷಿಯನ್ನು ಅವಳೇ ತನ್ನ ಕೈಯಾರೆ ಪುಡಿ ಮಾಡಿದ್ದಳು.

"ನಾಳೆಯಿಂದ ಬರ್ಬೇಡ," ಅಂದರು ಡಾಕ್ಟರು, ಏಳುತ್ತಾ. ಪೆಟ್ಟಿಗೆಯನ್ನು ಜೀಪಿನ ಹಿಂದೆ ಇಡಿಸಿದರು.

ಜೀಪು ಹೋದ ಮೇಲೆ ಹೆಂಗಸರ ಮುಖಕ್ಕೆ ಜೀವ ಬಂತು. ಕಾರ್ಡು ಆಯಿತು, ಕೆಲಸ ಉಳಿಯಿತು, ರಾತ್ರಿ ಜ್ವರದ ಕಾಟವೂ ಇಲ್ಲ. "ದೊಡ್ಡವರು ದೊಡ್ಡವರೇ ಕಣೇ, ಮಕ್ಕಳಿಗೆ ನೋವಾಗದಂಗೆ ಮಾಡಿದ್ರು," ಅಂದಳೊಬ್ಬಳು. ಅವಳು ಕುಹಕವಾಡುತ್ತಿರಲಿಲ್ಲ, ನಿಜವಾಗಿಯೂ ಹರಸುತ್ತಿದ್ದಳು.

ಗುಬ್ಬಿ ನೇರ ಅತ್ತಿಗೆಯ ಹತ್ತಿರ ಹೋಗಿ ಕೈಯಲ್ಲಿದ್ದ ಕಾರ್ಡು ಕಿತ್ತುಕೊಂಡಳು. ಜೇಬಿನ ಪೆನ್ನು ತೆಗೆದು, ಎರಡೂವರೆ ತಿಂಗಳ ಸೂಜಿಯ ಚೌಕದಲ್ಲಿ ಡಾಕ್ಟರ ಗುರುತಿನ ಮೇಲೆ ಒತ್ತಿ ಒತ್ತಿ "ಹಾಕಿಲ್ಲ" ಎಂದು ಬರೆದಳು. ಪಕ್ಕದವಳ ಕಾರ್ಡಿಗೂ ಕೈ ಚಾಚಿದಳು. ಅವಳು ಕಾರ್ಡನ್ನು ರವಿಕೆಯೊಳಗೆ ತುರುಕಿಕೊಂಡು ಹಿಂದೆ ಸರಿದಳು. ಉಳಿದವರೂ ಸರಿದರು. ಗುಬ್ಬಿ ಒಬ್ಬೊಬ್ಬರ ಹತ್ತಿರವೂ ಹೋದಳು. "ಕೊಡಕ್ಕಾ, ಕೊಡೇ, ಒಂದೇ ಪದ ಬರೀತೀನಿ," ಅಂತ ಬೇಡಿದಳು. ಹುಚ್ಚು ನಾಯಿಯಿಂದ ದೂರವಾಗುವ ಹಾಗೆ ಅವರು ದೂರವಾದರು.

"ಏನು ಗೀಚಿದ್ಯೇ ನನ್ನ ಮಗೂ ಕಾರ್ಡಲ್ಲಿ?" ಅಂದಳು ಅತ್ತಿಗೆ.

"ನಿಜ ಬರೆದಿದೀನಿ ಅತ್ತಿಗೆ. ಯಾವತ್ತಾದ್ರೂ ಒಬ್ಬ ಒಳ್ಳೆ ನರ್ಸ್ ನೋಡಿದ್ರೆ ಮತ್ತೆ ಹಾಕ್ತಾಳೆ. ಬಚ್ಚಿಟ್ಕೋ."

"ನಾಳೆ ಮೇಸ್ತ್ರಿ ನೋಡ್ತಾನೆ ಕಣೇ. ಬಾಗಿಲಲ್ಲೇ ನಿಲ್ಲಿಸ್ತಾನೆ. ನಿನ್ನ ಕೆಲಸಾನೂ ಹೋಯ್ತು, ನಂದೂ ಹೋದ್ರೆ ಇವಳ ಬಾಯಿಗೆ ಏನು ಹಾಕ್ಲಿ?"

ಆಚೆ ಅಮ್ಮ ಮತ್ತೆ ತನ್ನ ಜಾಗದಲ್ಲಿ ಕೂತು ಕಲ್ಲು ಒಡೆಯಲು ಶುರು ಮಾಡಿದ್ದಳು.

ಅತ್ತಿಗೆ ಕೂಸನ್ನು ಈ ತೋಳಿನಿಂದ ಆ ತೋಳಿಗೆ ಹಾಕಿಕೊಂಡು ಕಾರ್ಡನ್ನು ಬಿಸಿಲಿಗೆ ಹಿಡಿದು ನೋಡಿದಳು. ಅವಳಿಗೆ ಓದಲು ಬರುತ್ತಿರಲಿಲ್ಲ. ತೋರುಬೆರಳನ್ನು ನಾಲಿಗೆಗೆ ಹಚ್ಚಿ ಒದ್ದೆ ಮಾಡಿಕೊಂಡು, ಕಾಗದ ಹರಿಯದ ಹಾಗೆ ಮೆಲ್ಲಗೆ ಆ ಅಕ್ಷರಗಳನ್ನು ಉಜ್ಜತೊಡಗಿದಳು.