ಹರಳೆಣ್ಣೆ

“ಬಾಯಿ ತೆಗಿಯೇ ಮುಂಡೆ. ನಾಲಿಗೆ ಮೇಲಕ್ಕೆತ್ತು.”

ಕಾಟಮ್ಮ ನಾಲಿಗೆ ಎತ್ತಿದಳು. ಸಾಹುಕಾರ ಪರಮಶಿವಯ್ಯ ಮೊಬೈಲ್ ಟಾರ್ಚು ಬಿಟ್ಟು ಒಳಗೆಲ್ಲ ನೋಡಿದ. ದನದ ಸಂತೆಯಲ್ಲಿ ಹಲ್ಲು ನೋಡುವವರಾದರೂ ಮೊದಲು ಎತ್ತಿನ ಬೆನ್ನು ಸವರುತ್ತಾರೆ.

ಆಗಿದ್ದಿಷ್ಟು. ಬಿಳಿಗೆರೆಯ ಆ ಮನೆಯ ಹಿಂದಿನ ಶೆಡ್ಡಿನಲ್ಲಿ ಹೆಂಗಸರು ಚಿಪ್ಪು ಒಡೆದು ಕೊಬ್ಬರಿ ಬಿಡಿಸುತ್ತಿದ್ದರು. ಸಾಹುಕಾರನ ಹೆಂಡತಿ ದ್ರಾಕ್ಷಾಯಣಮ್ಮ ಬಂದು ನೋಡಿಕೊಂಡು ಹೋದಳು. ಹೋದಮೇಲೆ ನೋಡಿಕೊಂಡರೆ ಎಡಗಿವಿಯ ಓಲೆಯ ನಡುವಿನ ವಜ್ರವೇ ಇಲ್ಲ. ಚಿಪ್ಪಿನ ರಾಶಿ ಜಾಲಾಡಿದರು, ಹೆಂಗಸರ ಸೀರೆ ಕೊಡವಿಸಿದರು. ಆಗ ಮಗ ಮಹಾಂತೇಶನಿಗೆ ನೆನಪಾಯಿತು, ಕಾಟಮ್ಮ ಏನನ್ನೋ ಬಾಯಿಗೆ ಹಾಕಿಕೊಂಡು ನುಂಗಿದ್ದಳು.

ಏನು ನುಂಗಿದೆ ಎಂದರೆ, ಏನೂ ಇಲ್ಲ ಎಂದುಬಿಟ್ಟಳು. ನುಂಗಿದ್ದು ಕೊಬ್ಬರಿ ಚೂರು. ಆ ಶೆಡ್ಡಿನಲ್ಲಿ ಚೂರು ಬಾಯಿಗೆ ಹಾಕಿದವರಿಗೆ ಮಾರನೇ ದಿನ ಕೆಲಸವಿಲ್ಲ. ಹಾಗಾಗಿ ಸುಳ್ಳು ತಾನಾಗಿಯೇ ಬಂತು. ಆಮೇಲೆ ನಿಜ ಹೇಳಿದಳು. ಕೇಳುವ ಕಿವಿ ಯಾರಿಗಿತ್ತು?

ಆ ವಜ್ರದ ಕಥೆಯನ್ನು ಪರಮಶಿವಯ್ಯ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದ. ಗೋಲ್ಕೊಂಡದ ಸೀಮೆಯದಂತೆ, ಕೃಷ್ಣಾ ದಂಡೆಯಲ್ಲಿ ಸಿಕ್ಕಿದ್ದಂತೆ, ಯಾವನೋ ನವಾಬನ ರುಮಾಲಿನಲ್ಲಿತ್ತಂತೆ, ಕೊಬ್ಬರಿ ಮಾರಲು ಬೊಂಬಾಯಿಗೆ ಹೋದ ತಾತ ತಂದನಂತೆ. ತೊಟ್ಟವರ ಹೆಸರೆಲ್ಲ ಬಾಯಿಪಾಠ. ಅಗೆದವರ ಸುದ್ದಿ ಒಂದು ದಿನವೂ ಬಂದಿರಲಿಲ್ಲ. ಇವತ್ತು ಮಹಾಂತೇಶ ಮೊಬೈಲಿನಲ್ಲಿ ಹುಡುಕಿ ಅವರನ್ನೂ ಕಥೆಯೊಳಗೆ ಕರೆತಂದ. ಗಣಿಯಲ್ಲಿ ಕೂಲಿಗಳು ಹರಳು ನುಂಗುತ್ತಿದ್ದರಂತೆ, ಕಾವಲಿನವರು ಭೇದಿಗೆ ಕೊಟ್ಟು ಹೊರಗೆ ಬರಿಸುತ್ತಿದ್ದರಂತೆ.

“ವಜ್ರ ನುಂಗ್ದೋರು ಬದುಕ್ತಾರಾ ಸಾವ್ಕಾರ್ರೆ?” ಎಂದಳು ಕಾಟಮ್ಮ. “ನುಂಗಿದ್ರೆ ಇಷ್ಟೊತ್ಗೆ ಸತ್ತೋಗಿರ್ತಿದ್ದೆ.”

“ಅದೆಲ್ಲ ಸುಳ್ಳು ಕಣಮ್ಮ, ಯಾರೂ ಸಾಯಲ್ಲ,” ಎಂದು ಮಹಾಂತೇಶ ಸಮಾಧಾನ ಹೇಳಿದ.

ಹರಳೆಣ್ಣೆ ಕುಡಿಯದಿದ್ದರೆ ಪೊಲೀಸರಿಗೆ ಹೇಳುತ್ತೇನೆಂದ ಪರಮಶಿವಯ್ಯ. ಕಳ್ಳಿ ಎಂಬ ಹೆಸರು ಒಮ್ಮೆ ಅಂಟಿದರೆ ಹುಳಿಯಾರಿನವರೆಗೂ ಯಾವ ಶೆಡ್ಡಿನವರೂ ಸೇರಿಸುವುದಿಲ್ಲ, ಅವಳನ್ನೂ ಇಲ್ಲ, ಅವಳ ಮಗಳು ಧನುಶ್ರೀಯನ್ನೂ ಇಲ್ಲ. ಕಾಟಮ್ಮ ಕುಕ್ಕರಗಾಲಲ್ಲಿ ಕೂತು ಬಾಯಿ ತೆರೆದಳು. ದ್ರಾಕ್ಷಾಯಣಮ್ಮ ಲೋಟ ತುಟಿಗೆ ತಾಗದಂತೆ ಮೇಲಿನಿಂದ ಹರಳೆಣ್ಣೆ ಹುಯ್ದಳು. ಹರಳಿಗೆ ಹರಳೆಣ್ಣೆ ಎಂದು ಮಹಾಂತೇಶ ನಕ್ಕ.

ಕೊಟ್ಟಿಗೆಯ ಹಿಂದೆ ಬಕೆಟ್ ಇಟ್ಟು, ಜೊತೆ ಕೆಲಸದ ಹುಚ್ಚಕ್ಕನನ್ನೇ ಕಾವಲಿಗೆ ನಿಲ್ಲಿಸಿದರು. ಹುಚ್ಚಕ್ಕ ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು. ಕಾಟಮ್ಮನಿಗೆ ಮೊದಮೊದಲು ನಾಚಿಕೆಯಾಯಿತು. ಆಮೇಲೆ ಅದೂ ಹೋಗಿ ಬರೀ ಸುಸ್ತು ಉಳಿಯಿತು. ಮಲಗಿಬಿಟ್ಟರೆ ಸಾಕೆನಿಸಿತು.

ಸಂಜೆಗೆ ಪರಮಶಿವಯ್ಯ ದೂರದಿಂದಲೇ ಒಂದು ಜರಡಿ ಎಸೆದ. “ನೀರಾಕಿ ನೀನೇ ಸೋಸು. ಸರ್ಯಾಗಿ ನೋಡು,” ಎಂದು ಹೇಳಿ ಒಳಗೆ ಹೋದ.

ಕಾಟಮ್ಮ ಜರಡಿಯನ್ನು ನೋಡಿದಳು. ಮುಟ್ಟಲಿಲ್ಲ. ಬಕೆಟ್ ಎತ್ತಿಕೊಂಡಳು. ಹುಚ್ಚಕ್ಕ ಬೇಡ ಕಣೇ ಎಂದು ಸೆರಗು ಹಿಡಿದಳು, ಬಿಡಿಸಿಕೊಂಡಳು. ಇಷ್ಟು ವರ್ಷ ಹೊಸಿಲು ದಾಟದ ಮನೆಯೊಳಗೆ ನಡೆದು, ದ್ರಾಕ್ಷಾಯಣಮ್ಮ ಕೂತಿದ್ದ ಉಯ್ಯಾಲೆಯ ಮುಂದೆ ಅದನ್ನು ಇಟ್ಟಳು.

“ನಾನು ಸೋಸಲ್ಲ ಅಮ್ಮೋರೆ. ನಿಮ್ಮ ಹರಳು, ನೀವೇ ಕೈ ಹಾಕಿ ನೋಡ್ಕಳಿ. ಆಗಲ್ವಾ, ಕಳ್ಳಿ ಅಂದಿದ್ನ ವಾಪಸ್ ತಗಳಿ. ಎರಡ್ರಾಗೆ ಒಂದ್ ಆಗೋಗಂಟ ನಾನು ಏಳಲ್ಲ.”

ಅಲ್ಲೇ ಕಂಬಕ್ಕೊರಗಿ ಕೂತಳು. ಪರಮಶಿವಯ್ಯ ಅವಳ ತಾಯಿ, ಅಜ್ಜಿ ಎಲ್ಲರನ್ನೂ ಬೈದ. ಬೈದನೇ ಹೊರತು ಹತ್ತಿರ ಬರಲಿಲ್ಲ. ಮಹಾಂತೇಶ ಅಂಗಿಯಿಂದ ಮೂಗು ಮುಚ್ಚಿಕೊಂಡ. ದ್ರಾಕ್ಷಾಯಣಮ್ಮ ಬಕೆಟ್ ನೋಡಿದಳು, ಗಂಡನನ್ನು ನೋಡಿದಳು, ಗಂಡ ಮಗನನ್ನು ನೋಡಿದ. ನವಾಬನ ತಲೆಯ ಮೇಲಿದ್ದ ಹರಳು ಅದರಲ್ಲಿದ್ದರೂ ಇರಬಹುದು. ಯಾರೂ ಬಕೆಟ್ಟಿಗೆ ಕೈ ಹಾಕಲಿಲ್ಲ. ಅಂದ ಮಾತನ್ನು ಯಾರೂ ವಾಪಸ್ ತೆಗೆದುಕೊಳ್ಳಲೂ ಇಲ್ಲ.

ಕಾಟಮ್ಮನ ಹೊಟ್ಟೆ ಮತ್ತೆ ನುಲಿಯಿತು. ಅವಳು ಏಳಲಿಲ್ಲ.