ಗಂಧಕವಿಲ್ಲದ ಏಪ್ರಿಕಾಟು

ಎಂಬತ್ನಾಲ್ಕನೇ ಇಸವಿಯಲ್ಲಿ ಕ್ಯಾಂಪ್‌ಬೆಲ್ ಎಂಬ ಊರಿನ ನಮ್ಮ ಅಪಾರ್ಟ್‌ಮೆಂಟಿನ ಬೇಲಿಯಾಚೆ ಒಂದೇ ಒಂದು ಏಪ್ರಿಕಾಟ್ ತೋಟ ಉಳಿದಿತ್ತು. ಸುತ್ತಲೂ ಕಂಪ್ಯೂಟರ್ ಕಂಪನಿಗಳು, ಅವುಗಳ ಕಾರು ನಿಲ್ಲಿಸುವ ಬಯಲುಗಳು. ನಡುವೆ ಈ ತೋಟ, ಪಂಕ್ತಿ ಎದ್ದರೂ ಎಲೆ ಬಿಟ್ಟೇಳದ ಹಿರಿಯರ ಹಾಗೆ ನಿಧಾನವಾಗಿ ಕೂತಿತ್ತು.

ಅದರ ಯಜಮಾನರು ಒನೆಸಿಮ್ ಗಾನ್ಯೋನ್. ಕೆನಡಾದ ಕ್ವಿಬೆಕ್‌ನಿಂದ, ಫ್ರೆಂಚ್ ಬಿಟ್ಟು ಬೇರೆ ಮಾತು ಬಾರದ ಹುಡುಗನಾಗಿ ಅಪ್ಪನ ಜೊತೆ ಬಂದವರು. ಈ ರಸ್ತೆಯಲ್ಲಿ ಮೊದಲ ಗಿಡ ನೆಟ್ಟಿದ್ದು, ಮೊದಲ ಬಾವಿ ತೋಡಿದ್ದು, ಬೆಂಕಿ ಆರಿಸುವ ದಳ ಕಟ್ಟಿದ್ದು, ಬೆಳೆಗಾರರ ಸಂಘ ಮಾಡಿದ್ದು ಎಲ್ಲ ಅವರೇ. ಸಂಘಕ್ಕೆ ಇಂದಿಗೂ ಅವರೇ ಅಧ್ಯಕ್ಷರು. ರಾಣೆಬೆನ್ನೂರಿನಿಂದ ಆಗಷ್ಟೇ ಬಂದಿದ್ದ ನನ್ನ ಅಜ್ಜಿ ಅಂಬವ್ವ ಇದನ್ನೆಲ್ಲ ಕೇಳಿ, "ಹಂಗಾರ ಇವ್ರು ಈ ಊರ ಗೌಡ್ರು" ಎಂದು ತೀರ್ಮಾನಿಸಿಬಿಟ್ಟಳು. ಅಂದಿನಿಂದ ನನಗೂ ಅವರು ಗೌಡರೇ.

ಆ ಬೇಸಿಗೆಯಲ್ಲಿ ಗೌಡರು ಏಣಿಯಿಂದ ಬಿದ್ದು ಬಲಗೈ ಮುರಿದುಕೊಂಡರು. ಸಂಘಕ್ಕೊಂದು ಹಳೆಯ ನಿಯಮವಿತ್ತು: ವಾರ್ಷಿಕ ಸಭೆಯಲ್ಲಿ ಆ ವರ್ಷ ಒಣಗಿಸಿದ ಹಣ್ಣನ್ನು ಸದಸ್ಯರಿಗೆಲ್ಲ ಹಂಚಬೇಕು. ಹಂಚಲಾಗದ ವರ್ಷ ಸಂಘ ಮುಚ್ಚಬೇಕು, ಅದರ ಹಣ್ಣು ಒಣಗಿಸುವ ಬಯಲನ್ನು ಮಾರಬೇಕು. ಸದಸ್ಯರಲ್ಲಿ ಈಗ ತೋಟ ಉಳಿಸಿಕೊಂಡವರು ಗೌಡರೊಬ್ಬರೇ. ಆ ಬಯಲಿನ ಮೇಲೆ ವಾಲ್ಟರ್ ಎಂಬ ಸದಸ್ಯನಿಗೆ ಕಣ್ಣು. ಅವನು ಜಾಗ ಮಾರಿಸುವ ದಲ್ಲಾಳಿ. ಸಿಕ್ಕಾಗಲೆಲ್ಲ ಗೌಡರ ಕೈ ಹೇಗಿದೆ ಎಂದು ಬಲು ಕಾಳಜಿಯಿಂದ ಕೇಳುತ್ತಿದ್ದ. ಚೆನ್ನಾಗಿಲ್ಲ ಎಂದರೆ ಅವನ ಮುಖ ಅರಳುತ್ತಿತ್ತು.

"ನಾ ಇದ್ದೀನಲ್ಲ," ಅಂದಳು ಅಜ್ಜಿ. "ಜೀವನಾನ ಸಂಡಿಗಿ ಒಣಸೂದ್ರಾಗ ಹೋಗೇತಿ. ಹಣ್ಣೇನು ದೊಡ್ಡದು?"

ನಾನು ಹಣ್ಣು ಕಿತ್ತೆ. ಅಜ್ಜಿ ಚಪ್ಪರದ ಕೆಳಗೆ ಕೂತು ಹೋಳು ಮಾಡುತ್ತ ಗೌಡರ ಚರಿತ್ರೆ ಕೇಳತೊಡಗಿದಳು. ಇಬ್ಬರ ನಡುವೆ ನಾನು ದುಭಾಷಿ.

"ಮೊದಲ ಇಲ್ಲಿ ಏನಿತ್ತು ಕೇಳ, ನಿರುಪಮಾ."

"ಕಾಡು ಸಾಸಿವೆ," ಅಂದರು ಗೌಡರು. "ನಮ್ಮ ಕುದುರೆ ಅದರೊಳಗೆ ಹೊಕ್ಕರೆ ಕಿವಿ ಮಾತ್ರ ಕಾಣುತ್ತಿತ್ತು."

ನಾನು ಆ ಕುದುರೆಗೆ ಬಿಳಿ ಬಣ್ಣ ಬಳಿದು, ಹಣೆಗೊಂದು ಚುಕ್ಕೆ ಇಟ್ಟು ಕನ್ನಡಕ್ಕೆ ತಂದೆ. ಅಜ್ಜಿಯ ಕತೆಗಳನ್ನು ಕೇಳಿ ಬೆಳೆದವಳಿಗೆ ಬರೀ ಕುದುರೆ ಎನ್ನಲು ನಾಲಗೆ ಏಳುವುದಿಲ್ಲ.

"ಬಾವ್ಯಾಗ ನೀರು ಸುಮ್ಮಸುಮ್ನ ಬಂದಿರಂಗಿಲ್ಲ. ಏನು ಬಲಿ ಕೊಟ್ರಂತ?"

ಗೌಡರು ಎಡಗೈಯಿಂದ ತಲೆ ಸವರಿಕೊಂಡರು. "ನನ್ನ ಹ್ಯಾಟು ಬಿದ್ದಿತ್ತು."

"ಅಷ್ಟ? ಭಾಳ ಸೋವಿ ಬಾವಿ!"

"ಬೆಂಕಿ ದಳಕ್ಕೆ ಒಂದು ಬಂಡಿ, ಒಂದು ಹಸುವಿನ ಗಂಟೆ ಇತ್ತು," ಗೌಡರಿಗೆ ಹುರುಪು ಬಂತು. "ಬಾರಿಸಿದರೆ ಮೊದಲು ಹಸುಗಳು ಓಡಿಬರುತ್ತಿದ್ದವು. ಜನ ಆಮೇಲೆ."

ಬಯಲಿನ ಮಾತು ಬಂದಾಗ ಮಾತ್ರ ಅವರ ದನಿ ತಗ್ಗಿತು. ಇಂಗ್ಲಿಷ್ ಬಾರದ ಅವರಪ್ಪ ಸೋತು ಹಿಂದಿರುಗಲು ಗಂಟು ಕಟ್ಟಿದ್ದನಂತೆ. ಆಗ ಇಟಲಿಯವರು, ಪೋರ್ಚುಗೀಸರು, ಯಾರ ಮಾತು ಯಾರಿಗೂ ತಿಳಿಯದವರು, ಆ ಬಯಲಿನಲ್ಲಿ ಅವನ ಹಣ್ಣನ್ನೂ ತಮ್ಮ ಹಣ್ಣಿನ ಜೊತೆ ಹರವಿಕೊಟ್ಟರಂತೆ. "ಅದು ಹೋದರೆ ನಾನು ಇಲ್ಲಿಗೆ ಬಂದೇ ಇರಲಿಲ್ಲ ಅನ್ನಿಸುತ್ತದೆ," ಅಂದರು.

ಅಜ್ಜಿ ಮೂಗೊರೆಸಿಕೊಂಡು ಇನ್ನೂ ಜೋರಾಗಿ ಹೋಳು ಮಾಡಿದಳು.

ಮುಂದಿನ ಕೆಲಸವನ್ನು ಗೌಡರು ವಿವರಿಸಿದರು: ಹೋಳುಗಳನ್ನು ಗೂಡಿನೊಳಗಿಟ್ಟು ಗಂಧಕದ ಹೊಗೆ ಕೊಡಬೇಕು, ಇಲ್ಲವಾದರೆ ಹಣ್ಣು ಕಪ್ಪಾಗುತ್ತದೆ. ಗಂಧಕದ ಡಬ್ಬಿಯನ್ನು ಅಜ್ಜಿಯ ಕೈಗೆ ಕೊಟ್ಟು ಡಾಕ್ಟರ ಬಳಿ ಹೋದರು. ನಾನು ಕಾಲೇಜಿಗೆ ಹೋದೆ.

ಸಂಜೆ ಬಂದು ನೋಡಿದರೆ ಹಲಗೆಗಳ ಮೇಲೆ ಹೋಳುಗಳು ಮದುಮಕ್ಕಳ ಹಾಗೆ ಅರಿಸಿನದಲ್ಲಿ ಮಿಂದು, ಉಪ್ಪು, ಬ್ಯಾಡಗಿ ಮೆಣಸಿನಪುಡಿ ಮೆತ್ತಿಕೊಂಡು ಮಲಗಿದ್ದವು.

"ಅಜ್ಜಿ! ಗಂಧಕ ಎಲ್ಲಿ?"

"ಗುಂಡಿ ತೋಡಿ ಮುಚ್ಚೀನಿ. ತಿನ್ನೂ ಪದಾರ್ಥಕ್ಕ ಪಟಾಕಿ ಮದ್ದು ಹಾಕ್ತಾರೇನ? ಪಾಪ, ಕೈ ಜೊತಿ ತಲಿಗೂ ಪೆಟ್ಟು ಬಿದ್ದೇತಿ ಗೌಡ್ರಿಗೆ."

ಮರದಲ್ಲಿ ಬೇರೆ ಹಣ್ಣು ಉಳಿದಿರಲಿಲ್ಲ. ಗೌಡರು ಬಂದು ನೋಡಿ, ಕುರ್ಚಿ ಹುಡುಕಿ ಕೂತರು. ಆಮೇಲೆ ಎದ್ದು, ಎಡಗೈಯಿಂದ ಒಂದೊಂದೇ ಹೋಳನ್ನು ಬಿಸಿಲಿಗೆ ಮಗುಚತೊಡಗಿದರು.

ಸಭೆಯ ದಿನ ತಟ್ಟೆ ಎಲ್ಲರ ಮುಂದೆ ಸುತ್ತಿತು. ಕಪ್ಪಾಗದೆ ಅರಿಸಿನ, ಮೆಣಸಿನಪುಡಿಯ ಬಣ್ಣಕ್ಕೆ ನಸುಗೆಂಪಾಗಿದ್ದ ಹಣ್ಣು ಕಂಡು ಮುದುಕರು ಹೊಗಳುತ್ತ ಬಾಯಿಗಿಟ್ಟರು. ಹೊಗಳಿಕೆ ಅರ್ಧಕ್ಕೇ ನಿಂತಿತು.

"ಇದು ಒಣಹಣ್ಣಲ್ಲ, ದಾಳಿ!" ವಾಲ್ಟರ್ ಕಣ್ಣೊರೆಸಿಕೊಳ್ಳುತ್ತ ಎದ್ದ. "ಇದನ್ನು ಲೆಕ್ಕಕ್ಕೆ ಹಿಡಿಯಬಾರದು."

ಗೌಡರು ತಾವೂ ಒಂದು ಹೋಳು ಅಗಿಯುತ್ತ ಕೇಳಿದರು: "ಹಣ್ಣು ಈ ವರ್ಷದ್ದೇ?"

"ಹೌದು," ಎಂದಿತು ಸಭೆ.

"ಒಣಗಿದೆಯೇ?"

"ಚೆನ್ನಾಗಿಯೇ," ಎಂದರೊಬ್ಬರು, ಹಲ್ಲಿನಿಂದ ಎಳೆಯುತ್ತ.

"ಎಲ್ಲರಿಗೂ ಸಿಕ್ಕಿದೆಯೇ?"

ವಾಲ್ಟರನಿಗೆ ಸಿಕ್ಕಿರುವುದು ಅವನ ಮುಖದಿಂದಲೇ ಗೊತ್ತಾಗುತ್ತಿತ್ತು.

"ನಿಯಮದಲ್ಲಿ ರುಚಿಯ ಮಾತಿಲ್ಲ. ಸಂಘ ಮುಂದುವರಿಯುತ್ತದೆ."

ಅಜ್ಜಿ ನನ್ನ ಮೊಣಕೈ ತಿವಿದಳು. "ಏನಂದ್ರ ಗೌಡ್ರು?"

"ಸಂಘ ಉಳೀತಂತ, ಅಜ್ಜಿ."

"ಅದು ಉಳೀತದ ಬಿಡ. ಖಾರ ಹದಾ ಇತ್ತಂತೇನ ಕೇಳ."

ಕೇಳಲು ಕುರ್ಚಿಗಳಲ್ಲಿ ಯಾರೂ ಇರಲಿಲ್ಲ. ಎಷ್ಟೋ ವರ್ಷಗಳ ನಂತರ ಸಂಘದ ಸದಸ್ಯರೆಲ್ಲ ಒಂದೇ ಕಡೆ ಸೇರಿದ್ದರು, ನೀರಿನ ನಲ್ಲಿಯ ಮುಂದೆ.