ತಗಡಿನ ಸೂರಿನಡಿ ಒಂದು ಪರೀಕ್ಷೆ

ವೇದಾ ಮೇಡಂ ಹಟಮಾರಿ ಎಂಬುದು ಜೀವನ್ ಬಿಮಾ ನಗರದ ನಮ್ಮ ಲ್ಯಾಬಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಎಷ್ಟು ಹಟಮಾರಿ ಎಂಬುದು ನನಗೆ ಗೊತ್ತಾದದ್ದು 2004ರ ಏಪ್ರಿಲ್‌ನಲ್ಲಿ. ನಾನು ಹಯಗ್ರೀವ, ಅವರ ಸಹಾಯಕ. ವಯಸ್ಸಿನಲ್ಲಿ ಅವರಿಗಿಂತ ದೊಡ್ಡವನು, ಗೊಣಗುವುದರಲ್ಲಿ ಇನ್ನೂ ದೊಡ್ಡವನು.

ಸುಟ್ಟ ಗಾಯಕ್ಕೆ ಹಚ್ಚುವ ಜೆಲ್ ಒಂದನ್ನು ಅವರು ಮೂರು ವರ್ಷದಿಂದ ತಯಾರಿಸುತ್ತಿದ್ದರು. ಅದು ಔಷಧಿಯನ್ನು ನಿಧಾನವಾಗಿ ಗಾಯಕ್ಕೆ ಬಿಡಬೇಕು, ಮರುದಿನ ನೀರು ಹಾಕಿದರೆ ಸಲೀಸಾಗಿ ಜಾರಿಹೋಗಬೇಕು. ಲ್ಯಾಬಿನಲ್ಲಿ ಎಲ್ಲ ಪರೀಕ್ಷೆಯಲ್ಲೂ ಪಾಸಾಗಿತ್ತು. ಅನುಮತಿ ಸಿಕ್ಕ ಮೇಲೆ ಆಸ್ಪತ್ರೆಯ ಕೆಲವು ರೋಗಿಗಳಿಗೆ ಹಚ್ಚತೊಡಗಿದರು. ಉಳಿದವರೆಲ್ಲ ಏಸಿ ವಾರ್ಡಿನಲ್ಲೇ ಇದ್ದರು. ಪೀರಮ್ಮ ಮಾತ್ರ ಮನೆಯಿಂದ ಬಂದುಹೋಗುತ್ತಿದ್ದಳು. ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರಿಗೆ ಮಹದೇವಪುರದಲ್ಲಿ ಜೋಳದ ರೊಟ್ಟಿ ಬಡಿದು ಹಾಕುವವಳು. ಕುದಿಯುವ ಬೇಳೆ ಮಗುಚಿ ಬಲಗೈ ಸುಟ್ಟಿತ್ತು.

ಎರಡನೇ ಡ್ರೆಸಿಂಗಿನಲ್ಲಿ ಅವಳು ಕೂಗಿದ್ದು ಕಾರಿಡಾರಿನ ತುದಿಗೂ ಕೇಳಿಸಿತು. ಮೂರನೆಯದಕ್ಕೆ ಬರಲೇ ಇಲ್ಲ. ಹೀಗೇ ಬಿಟ್ಟರೆ ಬೆರಳು ಮಡಚಿಕೊಂಡೇ ಉಳಿಯುತ್ತವೆ, ಮತ್ತೆ ರೊಟ್ಟಿ ಬಡಿಯಲಾಗದು ಎಂದರು ಡಾಕ್ಟರು. ನಾವಿಬ್ಬರೂ ಅವಳ ಶೆಡ್ಡಿಗೆ ಹೋದೆವು.

“ಹಚ್ಚೂ ಮುಂದ ತಂಪಿರತೈತ್ರಿ. ಕೀಳೂ ಮುಂದ ಜೀವಾನ ಕಿತ್ತಂಗ ಆಗತೈತಿ. ನಾ ಒಲ್ಲೆ ಮೇಡಮ್ಮಾರ,” ಎಂದಳು ಪೀರಮ್ಮ.

“ಉಳಿದೋರಿಗೆಲ್ಲ ಸರಿಹೋಗಿದೆ ಮೇಡಂ. ಒಬ್ರು ಬಿಟ್ಟುಹೋದ್ರು ಅಂತ ಬರ್ಕೊಂಡು ಮುಂದೆ ಹೋಗೋಣ,” ಎಂದೆ ನಾನು.

ಮೇಡಂ ಚೀಲದಿಂದ ಟ್ಯೂಬು ತೆಗೆದು ತಮ್ಮದೇ ಮುಂಗೈಗೆ ಜೆಲ್ ಹಚ್ಚಿ, ಬಟ್ಟೆ ಸುತ್ತಿಕೊಂಡು, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತರು. ಮಧ್ಯಾಹ್ನ ಹನ್ನೆರಡು ಗಂಟೆ, ನೆತ್ತಿಯ ಮೇಲೆ ಕಾದ ತಗಡು. ನಾಲ್ಕಕ್ಕೆ ಬಟ್ಟೆ ಎಳೆದಾಗ ಕೂದಲ ಸಮೇತ ಕಿತ್ತುಬಂತು. ಮೇಡಂ ತುಟಿ ಕಚ್ಚಿಕೊಂಡರು.

“ಒಣಗಿ ಅಂಟ್ಕೊಂಡಿದೆ ನೋಡಿ. ನಾವು ಮೂರು ವರ್ಷ ಏಸಿ ರೂಮಿಗೆ ಔಷಧಿ ಮಾಡಿದೀವಿ ಹಯಗ್ರೀವ ಅವ್ರೇ,” ಎಂದರು.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ದೊಡ್ಡವರನ್ನು ಬೇಕಾದಷ್ಟು ಕಂಡಿದ್ದೇನೆ. ತನ್ನ ಮೊಲದ ಕಾಲು ಎಣಿಸಲು ತಾನೇ ಬೇಗೆಯಲ್ಲಿ ಕೂತವರನ್ನು ಕಂಡದ್ದು ಅಂದೇ. ನನ್ನ ಮಾತಿಗೆ ನನಗೇ ನಾಚಿಕೆಯಾಯಿತು.

ಜೆಲ್ ಬಗ್ಗೆ ಬರೆದು ಅಚ್ಚಿಗೆ ಕಳಿಸಲು ಸಿದ್ಧವಾಗಿದ್ದ ಲೇಖನವನ್ನು ಮೇಡಂ ಹರಿದುಹಾಕಿದರು. ಪೀರಮ್ಮನನ್ನು ಒಪ್ಪಿಸಿ ದಿನಾ ಆಸ್ಪತ್ರೆಗೆ ಕರೆತಂದರು. ಮಾಮೂಲಿ ಮುಲಾಮಿನ ಪಟ್ಟಿಯನ್ನು ಅರ್ಧ ಗಂಟೆ ನೆನೆಸಿಯೇ ಬಿಡಿಸಲು ನರ್ಸಿಗೆ ಹೇಳಿದರು. ಆದರೂ ಅವಳು ಅಳುತ್ತಿದ್ದಳು. ಇತ್ತ ತೇವ ಹಿಡಿದಿಡುವ ಗ್ಲಿಸರಿನ್ನಿನ ಪ್ರಮಾಣ ಬದಲಿಸುತ್ತ, ಪ್ರತಿ ಹೊಸ ಜೆಲ್ಲನ್ನೂ ಅದೇ ಶೆಡ್ಡಿನಲ್ಲಿ ತಮ್ಮ ಕೈಗೇ ಹಚ್ಚಿಕೊಂಡು ಕೂತರು. ಆರನೆಯದು ಒಣಗದೆ ಉಳಿಯಿತು. ಮತ್ತೆ ಅನುಮತಿ ಪಡೆದು ಪೀರಮ್ಮನಿಗೆ ಹಚ್ಚಿಸಿದರು.

ಮರುದಿನ ಪೀರಮ್ಮ ಕಣ್ಣು ಮುಚ್ಚಿ, ಮುಖವನ್ನು ಗೋಡೆಗೆ ತಿರುಗಿಸಿ, ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದಳು. ನರ್ಸು ಉಗುರುಬೆಚ್ಚಗಿನ ನೀರು ಸುರಿದರು. ಬಟ್ಟೆ, ಜೆಲ್ ಎರಡೂ ಜಾರಿ ಟ್ರೇಗೆ ಬಿದ್ದವು. ಪೀರಮ್ಮನ ಹಿಡಿತ ಮಾತ್ರ ಸಡಿಲವಾಗಲಿಲ್ಲ.

“ಯಾವಾಗ ಕೀಳ್ತೀರ್ರಿ? ಲಗೂನ ಕಿತ್ಬಿಡ್ರಿ,” ಎಂದಳು.

ನಾನು ಹೇಳಿದೆ: “ತೆಗೆದಾಯ್ತು ಕಣಮ್ಮಾ. ಕಣ್ಣು ಬಿಡು.”